ಕಂಬಳಿಗೆ ಮೂರು ಶತ್ರು: ಮಳೆ, ನುಸಿ, ಸೋಡಾ ನೀರು

ಕಳೆದ ವರ್ಷ ಜಾತ್ರೇಲಿ ಮಾರೋಣ ಅಂತ ಹನ್ನೆರಡು ಕಂಬಳಿ ಗಂಟು ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೆ. ಮೂರು ತಿಂಗಳು ಬಿಟ್ಟು ಬಿಚ್ಚಿದರೆ ಐದರಲ್ಲಿ ತೂತು! ಅಪ್ಪ ಬೈಯಲಿಲ್ಲ. "ನೇಯ್ದವನ ಕೈನೋವು ನುಸಿಗೆ ಗೊತ್ತಾಗ್ತದೇನೋ ಮಗಾ" ಅಂದು ಹಟ್ಟಿ ಕಡೆ ಹೋದರು. ಬೈದಿದ್ದರೇ ಚೆನ್ನಾಗಿತ್ತು.

ನಮ್ಮದು ಚಳ್ಳಕೆರೆ ಸೀಮೆ. ಡೆಕ್ಕನಿ ಕುರಿಯ ಒರಟು ಉಣ್ಣೆಗೆ ಕಂಬಳಿ ಬಿಟ್ಟರೆ ಹೆಚ್ಚು ಗಿರಾಕಿ ಇಲ್ಲ. ಆ ಕಂಬಳಿಯೂ ಹಾಳಾದರೆ ಕತ್ತರಿಸಿದ ಕೂಲಿಯೂ ಗಿಟ್ಟಲ್ಲ. ಅದಕ್ಕೇ ಒಂದು ವರ್ಷ ಇದರ ಹಿಂದೆ ಬಿದ್ದೆ. ಕಲಿತದ್ದು ಇಲ್ಲಿದೆ.

ಹುಟ್ಟಿನಿಂದಲೇ ಇರುವ ಲೇಪ

ಕುರಿಯ ಚರ್ಮದ ಗ್ರಂಥಿಗಳು ಲ್ಯಾನೊಲಿನ್ ಎಂಬ ಜಿಡ್ಡನ್ನು ಬಿಡುತ್ತವೆ. ಅದು ಮಳೆ ನೀರನ್ನು ಜಾರಿಸುತ್ತೆ. ಮೆರಿನೊ ಕುರಿಯಲ್ಲಿ ಈ ಜಿಡ್ಡು ಜಾಸ್ತಿ, ನಮ್ಮ ಒರಟು ಉಣ್ಣೆಯಲ್ಲಿ ಕಮ್ಮಿ. ನಮ್ಮ ಹಿರಿಯರು ಹಾಸಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಒತ್ತಾಗಿ ನೇಯ್ದಿದ್ದಕ್ಕೇ ಕಂಬಳಿ ಕೊಪ್ಪೆ ಹೊಲದಲ್ಲಿ ಮಳೆ ತಡೀತಿತ್ತು.

ನಾನು ಮಾಡಿದ ತಪ್ಪು

ನುಸಿ ಹೋಗಲಿ ಅಂತ ಒಂದು ಕಂಬಳಿಯನ್ನು ಬಿಸಿನೀರು, ವಾಷಿಂಗ್ ಸೋಡಾ ಹಾಕಿ ಉಜ್ಜಿದೆ. ಕುಗ್ಗಿ ಗಟ್ಟಿಯಾಯ್ತು, ಇದ್ದ ಜಿಡ್ಡೂ ಹೋಯ್ತು. ಉಣ್ಣೆ ಅಂದರೆ ಕೆರಾಟಿನ್ ಎಂಬ ಪ್ರೋಟೀನ್, ನಮ್ಮ ಕೂದಲಿನ ಹಾಗೆ. ಕ್ಷಾರ ಅದನ್ನು ಕೊರೆಯುತ್ತೆ. ತಣ್ಣೀರು, ಸ್ವಲ್ಪ ಶಾಂಪೂ ಸಾಕು.

ಮನೆಯಲ್ಲೇ ಲ್ಯಾನೊಲಿನ್ ಲೇಪ

ಮೊದಲ ಸಲ ಕಿಲೋ ಉಣ್ಣೆಗೆ 100 ಗ್ರಾಂ ಲ್ಯಾನೊಲಿನ್ ಹಾಕಿದೆ. ಅಂಟಂಟಾಗಿ ಧೂಳೆಲ್ಲ ಮೆತ್ತಿಕೊಂಡಿತು. ಈಗ 30 ಗ್ರಾಂ ಹಾಕ್ತೀನಿ.

1. ಒಂದು ಲೀಟರ್ ಬಿಸಿನೀರಿಗೆ ಲ್ಯಾನೊಲಿನ್, ಒಂದು ಚಮಚ ಶಾಂಪೂ ಹಾಕಿ ಹಾಲಿನಂತಾಗುವವರೆಗೆ ಕದಡಿ.
2. ಅದನ್ನು ಉಗುರುಬೆಚ್ಚಗಿನ ನೀರಿನ ತೊಟ್ಟಿಗೆ ಸುರಿದು, ತೊಳೆದ ಕಂಬಳಿಯನ್ನು ರಾತ್ರಿಯಿಡೀ ನೆನೆಸಿ.
3. ಹಿಂಡಬೇಡಿ, ಒತ್ತಿ ನೀರು ತೆಗೆಯಿರಿ. ನೆರಳಲ್ಲಿ ಹಾಸಿ ಒಣಗಿಸಿ.

ಮೊದಲು ಅಂಗೈಯಗಲ ತುಂಡಿನ ಮೇಲೆ ಪ್ರಯೋಗ ಮಾಡಿ. ಒಂದು ಹನಿ ನೀರು ಬಿಟ್ಟು ಮೊಬೈಲಲ್ಲಿ ಟೈಮ್ ನೋಡಿ. ಲೇಪ ಸರಿಯಿದ್ದರೆ ಹನಿ ಮುತ್ತಿನ ಹಾಗೆ ನಿಲ್ಲುತ್ತೆ. ತೊಳೆದಷ್ಟೂ ಲೇಪ ಸವೆಯುತ್ತೆ, ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು.

ನುಸಿಗೆ ಬೇರೆ ದಾರಿ

ಲ್ಯಾನೊಲಿನ್ ಮಳೆ ತಡೆಯುತ್ತೆ, ನುಸಿ ತಡೆಯಲ್ಲ. ಇದನ್ನು ಮರೀಬೇಡಿ. ಹಾರುವ ಪತಂಗ ಉಣ್ಣೆ ತಿನ್ನಲ್ಲ, ತಿನ್ನೋದು ಅದರ ಮರಿಹುಳು. ಬೆವರು, ಊಟದ ಕಲೆ ಇರೋ ಕತ್ತಲೆ ಮೂಲೆ ಅದಕ್ಕೆ ಇಷ್ಟ. ಅದಕ್ಕೇ ತೊಳೆದು, ಬಿಸಿಲಿಗೆ ಹಾಕಿ, ಎರಡೂ ಬದಿ ಬ್ರಷ್ ಹೊಡೆದು, ಗಾಳಿಯಾಡದ ಕವರಲ್ಲಿ ಕಟ್ಟಿ. ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ಹುಳ ಬಿದ್ದಿದ್ದರೆ ಬಿಗಿ ಕವರಲ್ಲಿ ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಟ್ಟರೆ ಮೊಟ್ಟೆ ಸಮೇತ ಸಾಯುತ್ತೆ. ಬೆಳೆಗೆ ಹೊಡೆಯೋ ಔಷಧಿ ಮಾತ್ರ ಸಿಂಪಡಿಸಬೇಡಿ. ಅದನ್ನು ಹೊದ್ದು ಮಲಗೋದು ಮನುಷ್ಯ.

ಲ್ಯಾಬ್‌ನಲ್ಲಿ ಏನಿದೆ?

ಒಂದೇ ಲೇಪದಲ್ಲಿ ಹಲವು ಕೆಲಸ ಆಗಲಿ ಅಂತ ವಿಜ್ಞಾನಿಗಳು ಹೊರಟಿದ್ದಾರೆ. ಸತುವಿನ ಆಕ್ಸೈಡ್‌ನ ಅತಿಸಣ್ಣ ಕಣಗಳು ಬಿಸಿಲಿನ ಅತಿನೇರಳೆ ಕಿರಣ ತಡೆದು ಬ್ಯಾಕ್ಟೀರಿಯಾ ಕೊಲ್ಲುತ್ತವೆ. ಸಿಗಡಿ, ಏಡಿ ಚಿಪ್ಪಿನಿಂದ ಬರುವ ಕೈಟೋಸಾನ್ ಬ್ಯಾಕ್ಟೀರಿಯಾ ಜೊತೆಗೆ ಕುಗ್ಗುವಿಕೆಯನ್ನೂ ಕಮ್ಮಿ ಮಾಡುತ್ತೆ. ಸಿಲಿಕಾನ್ ಆಧಾರಿತ ಲೇಪ ನೀರು ಜಾರಿಸುತ್ತೆ. ತೊಡಕು ಒಂದೇ: ಉಣ್ಣೆಯ ಎಳೆಯ ಮೇಲ್ಪದರಕ್ಕೆ ಕೊಬ್ಬಿನ ಪೊರೆ ಇರೋದರಿಂದ ಲೇಪ ಸುಲಭಕ್ಕೆ ಹಿಡಿಯಲ್ಲ. ಅದಕ್ಕೆ ಮೊದಲು ಕಿಣ್ವ ಅಥವಾ ಪ್ಲಾಸ್ಮಾದಿಂದ ಎಳೆಯನ್ನು ಹದ ಮಾಡ್ತಾರೆ. ಹಾಗಾಗಿ "ಎಲ್ಲಾ ತಡೆಯುತ್ತೆ" ಅಂತ ಯಾರಾದರೂ ಬಾಟಲಿ ಮಾರಲು ಬಂದರೆ, ಎಷ್ಟು ಸಲ ತೊಳೆದರೂ ಉಳಿಯುತ್ತೆ ಅಂತ ಮೊದಲು ಕೇಳಿ.

ಈ ವರ್ಷ ಎಂಟು ಕಂಬಳಿ ಇಟ್ಟಿದ್ದೆ, ಎಂಟೂ ಉಳಿದವು. ಏಳು ಮಾರಿದೆ. ಎಂಟನೆಯದನ್ನು ಅಪ್ಪ ಕೇಳದೇ ಎತ್ತಿಕೊಂಡು, ಮಳೇಲಿ ಕೊಪ್ಪೆ ಹಾಕಿ ಕುರಿ ಹಿಂದೆ ಹೋದರು. ನಿಮ್ಮ ಅಟ್ಟದ ಗಂಟನ್ನು ಇವತ್ತೇ ಬಿಚ್ಚಿ ನೋಡಿ.