ತಿರುವಿನಲ್ಲಿ ಎಂಜಿನ್ನಿನ ಆಯುಸ್ಸು

ಸಮಾನ ಶಕ್ತಿಯ ಎರಡು ಕ್ರೀಡಾ ಕಾರುಗಳನ್ನು ವರ್ಷಗಟ್ಟಲೆ ಬಿರುಸಾಗಿ ಓಡಿಸಿದರೆ ಒಂದು ಬೇಗನೆ ಕೆಟ್ಟು, ಇನ್ನೊಂದು ಬಾಳುವುದೇಕೆ? ಇದರ ಒಂದು ಮುಖ್ಯ ಕಾರಣವು ಕೀಲೆಣ್ಣೆಯ ಏರ್ಪಾಡಿನಲ್ಲಿ ಅಡಗಿದೆ.

ಎಂಜಿನ್ನಿನೊಳಗೆ ತಿರುಗುವ ದಂಡಕ್ಕೂ ಅದರ ಬೇರಿಂಗಿಗೂ ನಡುವೆ ಎಣ್ಣೆಯ ತೆಳುಪೊರೆಯೊಂದಿರುತ್ತದೆ. ಅದು ಇರುವವರೆಗೆ ಲೋಹವು ಲೋಹವನ್ನು ಮುಟ್ಟದು. ಸಾಮಾನ್ಯ ಕಾರಿನಲ್ಲಿ ಎಣ್ಣೆಯು ಎಂಜಿನ್ನಿನ ತಳದಲ್ಲೇ ನಿಂತಿದ್ದು, ಪಂಪು ಅಲ್ಲಿಂದ ಅದನ್ನು ಹೀರುತ್ತದೆ. ವೇಗವಾಗಿ ಹೊರಳುವ ಬಸ್ಸಿನಲ್ಲಿ ನಿಂತವರು ಹೊರಪಕ್ಕಕ್ಕೆ ವಾಲುವುದನ್ನು ವಾಚಕರು ಬಲ್ಲರು. ಅಂತೆಯೇ ದೀರ್ಘವಾದ ತಿರುವಿನಲ್ಲಿ ಎಣ್ಣೆಯೂ ಒಂದು ಪಕ್ಕಕ್ಕೆ ಸರಿಯುತ್ತದೆ, ಪಂಪು ಗಾಳಿಯನ್ನು ಹೀರುತ್ತದೆ, ಪೊರೆ ಹರಿಯುತ್ತದೆ. ಕ್ಷಣಮಾತ್ರದ ಈ ಕೊರತೆಯು ಮರಳಿ ಮರಳಿ ಬಂದರೆ ಬೇರಿಂಗು ಸವೆದು ಎಂಜಿನ್ನೇ ಹಾಳಾದೀತು.

ಇದಕ್ಕೆ ಪರಿಹಾರ ‘ಒಣತಳ’ದ ಏರ್ಪಾಡು. ಇಲ್ಲಿ ಬೇರೊಂದು ಪಂಪು ತಳಕ್ಕಿಳಿದ ಎಣ್ಣೆಯನ್ನು ಒಡನೆಯೇ ಸೆಳೆದು ಪ್ರತ್ಯೇಕವಾದ ತೊಟ್ಟಿಗೆ ಸೇರಿಸುತ್ತದೆ. ಅಲ್ಲಿಂದ ಎಂಜಿನ್ನಿಗೆ ಎಡೆಬಿಡದ ಪೂರೈಕೆ. ಫ್ರಾನ್ಸಿನ ಲ ಮಾನ್ಸ್‌ನ 24 ಗಂಟೆಗಳ ಪಂದ್ಯವನ್ನು 1955, 1956, 1957ರಲ್ಲಿ ಗೆದ್ದ ಜಾಗ್ವಾರ್ ಡಿ-ಟೈಪ್ ಕಾರಿಗೂ, 1964ರಲ್ಲಿ ತಯಾರಿಕೆ ಆರಂಭವಾದ ಪೋರ್ಷೆ 911ಕ್ಕೂ ಇಂಥ ಏರ್ಪಾಡಿತ್ತು.

ಆದುದರಿಂದ ಕಾರುಗಳ ಬಾಳಿಕೆಯನ್ನು ಹೋಲಿಸುವವರು ಓಡಿದ ದೂರವನ್ನಷ್ಟೇ ಎಣಿಸಿದರೆ ಸಾಲದು. ತಿರುವಿನಲ್ಲಿ ಎಣ್ಣೆಯ ಒತ್ತಡವು ಉಳಿಯುವುದೇ ಎಂಬುದನ್ನೂ ನೋಡಬೇಕು.