ಬಿಲ್ಡ್‌ಗಳ ಕಿರ್ದಿ: ಯೂನಿಕ್ಸ್ ವ್ಯವಸ್ಥೆಗಳಲ್ಲಿ ಅದನ್ನು ಬರೆದಿಡುವ ಬಗೆ

ಇಂಗ್ಲಿಷಿನ ‘ಲಾಗ್’ ಶಬ್ದಕ್ಕೆ ಮರದ ದಿಮ್ಮಿಯೆಂಬುದೇ ಮೊದಲ ಅರ್ಥ. ಹಿಂದಿನ ನಾವಿಕರು ಹಗ್ಗಕ್ಕೆ ಕಟ್ಟಿದ ಮರದ ತುಂಡನ್ನು ನೀರಿಗೆಸೆದು, ಹಗ್ಗ ಬಿಚ್ಚಿಕೊಂಡ ಪ್ರಮಾಣದಿಂದ ಹಡಗಿನ ವೇಗವನ್ನು ಅಳೆಯುತ್ತಿದ್ದರು. ಆ ಅಳತೆಗಳನ್ನು ಬರೆದಿಡುವ ಪುಸ್ತಕಕ್ಕೂ ಕ್ರಮೇಣ ಅದೇ ಹೆಸರು ಬಂದಿತು. ಗಣಕಯಂತ್ರದ ಸಂದರ್ಭದಲ್ಲಿ, ನಡೆದ ಕೆಲಸವನ್ನು ನಡೆದ ಕ್ರಮದಲ್ಲಿಯೇ ಹೇಳುತ್ತ ಹೋಗುವ ಬರಹವೇ ಲಾಗ್. ವ್ಯಾಪಾರಿಗಳ ‘ಕಿರ್ದಿ’ ಎಂಬ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ.

ಪ್ರೋಗ್ರಾಮಿನ ಮೂಲಪಾಠವನ್ನು ಯಂತ್ರವು ನಡೆಸಬಲ್ಲ ರೂಪಕ್ಕೆ ತರುವ ಕ್ರಿಯೆಗೆ ‘ಬಿಲ್ಡ್’ ಎಂದು ಹೆಸರು. ಲಿನಕ್ಸ್ ಕರ್ನೆಲ್ಲಿನಂತಹ ದೊಡ್ಡ ಕೃತಿಯಲ್ಲಿ ಸಾವಿರಾರು ಕಡತಗಳು ಹೀಗೆ ರೂಪಾಂತರ ಹೊಂದಬೇಕು. ಸಾಮಾನ್ಯ ಯಂತ್ರದಲ್ಲಿ ಇದಕ್ಕೆ ಗಂಟೆಗಳೇ ಹಿಡಿಯಬಹುದು. ಅಷ್ಟು ಹೊತ್ತೂ ವರದಿಯ ಸಾಲುಗಳು ತೆರೆಯ ಮೇಲೆ ಹರಿದು ಮರೆಯಾಗುತ್ತಿರುತ್ತವೆ. ನಡುರಾತ್ರಿಯಲ್ಲಿ ಕೆಲಸ ಕೆಟ್ಟು ನಿಂತರೆ, ಬೆಳಗ್ಗೆ ಬಂದವನಿಗೆ ಸಾಕ್ಷಿಯಾಗಿ ಉಳಿಯುವುದು ಕಿರ್ದಿಯೊಂದೇ. ಆದುದರಿಂದ ಕಿರ್ದಿ ಇದೆಯೆ ಎಂಬುದಕ್ಕಿಂತ, ಇರುವ ಕಿರ್ದಿ ನಿಜ ಹೇಳುತ್ತದೆಯೆ ಎಂಬುದು ಮುಖ್ಯವಾದ ಪ್ರಶ್ನೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯೂನಿಕ್ಸ್‌ನಲ್ಲಿ ಮೊದಮೊದಲು ಕೆಲಸದ ಫಲವೂ ದೋಷದ ಸೂಚನೆಯೂ ಒಂದೇ ದಾರಿಯಲ್ಲಿ ಹೊರಬರುತ್ತಿದ್ದವು. ಅಲ್ಲಿಯ ಫೋಟೋ ಅಚ್ಚುಜೋಡಣೆಯ ಯಂತ್ರದಿಂದ, ಲೇಖನದ ಬದಲು ‘ಕಡತ ತೆರೆಯಲಾಗಲಿಲ್ಲ’ ಎಂಬರ್ಥದ ಒಂದೇ ಸಾಲು ಅಂದವಾಗಿ ಅಚ್ಚಾಗಿ ಬಂದುದುಂಟೆಂದು ಆ ಕಾಲದವರು ಹೇಳಿದ್ದಾರೆ. ದೋಷಕ್ಕೆ ಬೇರೆ ದಾರಿ ಬೇಕೆಂಬುದು ಇದರಿಂದ ಸ್ಪಷ್ಟವಾಯಿತು. ಅಂದಿನಿಂದ ಫಲದ ದಾರಿಗೆ 1, ದೋಷದ ದಾರಿಗೆ 2 ಎಂಬ ಸಂಖ್ಯೆಗಳು ನಿಂತಿವೆ. ‘>’ ಚಿಹ್ನೆಯೊಂದರಿಂದಲೇ ಕಿರ್ದಿ ಬರೆಯಿಸಿದವನಿಗೆ ದೊರೆಯುವುದು ಮೊದಲನೆಯದು ಮಾತ್ರ. ಬಹುಮುಖ್ಯವಾದ ದೋಷವಾರ್ತೆ ತೆರೆಯ ಮೇಲೆಯೇ ಕಳೆದುಹೋಗುತ್ತದೆ. ಎರಡನ್ನೂ ಕೂಡಿಸುವ ಬರವಣಿಗೆ ‘2>&1’. ‘ಒಂದು ಈಗ ಎಲ್ಲಿಗೆ ಹೋಗುತ್ತಿದೆಯೋ ಎರಡೂ ಅಲ್ಲಿಗೆ ಹೋಗಲಿ’ ಎಂಬುದು ಇದರ ತಾತ್ಪರ್ಯ. ಆದೇಶವನ್ನು ಶೆಲ್ ಎಡದಿಂದ ಬಲಕ್ಕೆ ಓದುವುದರಿಂದ ಇದು ಕಡತದ ಹೆಸರಿನ ಅನಂತರವೇ ಬರಬೇಕು. ಮೊದಲೇ ಬರೆದರೆ ದೋಷವಾರ್ತೆ ಹಿಂದಿನಂತೆ ತೆರೆಗೇ ಹೋಗುತ್ತದೆ.

ಕೆಲಸವನ್ನು ನೋಡುತ್ತಲೂ ಇರಬೇಕು, ಬರೆದಿಡಲೂ ಬೇಕು ಎನ್ನುವವರಿಗೆ ‘ಟೀ’ ಎಂಬ ಸಾಧನವಿದೆ. ನೀರಿನ ಕೊಳವೆಯನ್ನು ಕವಲೊಡೆಸುವ ಟಿ ಆಕಾರದ ಜೋಡಣೆಯಿಂದ ಬಂದ ಹೆಸರಿದು. ಬಿಲ್ಡನ್ನು ನಡೆಸುವ ‘ಮೇಕ್’ ಆದೇಶದ ಹೊರಹರಿವನ್ನು ಪೈಪಿನ ಮೂಲಕ ಟೀಗೆ ಕೊಟ್ಟರೆ, ಅದು ಕಡತಕ್ಕೂ ತೆರೆಗೂ ಹಂಚುತ್ತದೆ. ಅತ್ಯಂತ ಅಪಾಯಕರವಾದ ಸುಳ್ಳು ಹುಟ್ಟುವುದು ಇಲ್ಲಿಯೇ. ಪ್ರತಿಯೊಂದು ಆದೇಶವೂ ಮುಗಿಯುವಾಗ ಒಂದು ಸಂಖ್ಯೆಯನ್ನು ಒಪ್ಪಿಸುತ್ತದೆ: ಸೊನ್ನೆಯಾದರೆ ಸಫಲ, ಬೇರೆಯಾದರೆ ವಿಫಲ. ಪೈಪಿನಿಂದ ಕೂಡಿದ ಆದೇಶಗಳಲ್ಲಿ ಶೆಲ್ ಕೇಳುವುದು ಕೊನೆಯದರ ಸಂಖ್ಯೆಯನ್ನು ಮಾತ್ರ. ಮೇಕ್ ಸೋತಿದ್ದರೂ, ಬರೆಯುವ ಕೆಲಸವನ್ನು ಸರಿಯಾಗಿ ಮಾಡಿದ ಟೀ ಸೊನ್ನೆಯನ್ನೇ ಒಪ್ಪಿಸುತ್ತದೆ. ಗುಮಾಸ್ತನು ಲೆಕ್ಕವನ್ನು ದುಂಡಾಗಿ ಬರೆದನೆಂಬ ಕಾರಣಕ್ಕೆ ಅಂಗಡಿಗೆ ಲಾಭವಾಯಿತೆಂದು ಭಾವಿಸಿದಂತೆ! ಮುಂದಿನ ಆದೇಶವು ಅದನ್ನು ನಂಬಿ, ಅರ್ಧಂಬರ್ಧವಾದ ಅಥವಾ ಹಿಂದೆಂದೋ ಉಳಿದಿದ್ದ ಪ್ರೋಗ್ರಾಮನ್ನು ಬಳಕೆದಾರರಿಗೆ ಕಳುಹಿಸಿಬಿಡಬಹುದು. ಸೋಲಿನ ಕಾರಣ ಕಿರ್ದಿಯಲ್ಲಿಯೇ ಬರೆದಿದ್ದರೂ ಅದನ್ನು ತೆರೆದು ನೋಡುವವರೇ ಇರುವುದಿಲ್ಲ. ‘ಪೈಪ್‌ಫೇಲ್’ ಎಂಬ ನಿಯಮವನ್ನು ಮೊದಲೇ ವಿಧಿಸಿದರೆ, ನಡುವೆ ಯಾವುದು ಸೋತರೂ ಒಟ್ಟು ಸಾಲೇ ಸೋತಂತಾಗುತ್ತದೆ. ಬ್ಯಾಶ್ ಶೆಲ್ಲಿನಲ್ಲಿ ಬಹುಕಾಲದಿಂದ ಇದ್ದ ಈ ನಿಯಮವು 2024ರ ಪಾಸಿಕ್ಸ್ ಮಾನಕದಲ್ಲಿಯೂ ಸ್ಥಾನ ಪಡೆಯಿತು.

ಕ್ರಮದ ವಿಷಯದಲ್ಲಿಯೂ ಎಚ್ಚರ ಅವಶ್ಯ. ತೆರೆಗೆ ಸಾಲುಸಾಲಾಗಿ ಹೋಗುವ ಫಲವಾರ್ತೆಯು ಕಡತಕ್ಕೆ ಸಾಮಾನ್ಯವಾಗಿ ಗುಂಪುಗುಂಪಾಗಿ ಹೋಗುತ್ತದೆ. ದೋಷವಾರ್ತೆಯಾದರೋ ಕಾಯದೆ ಹೊರಡುತ್ತದೆ. ಆದುದರಿಂದ ದೋಷವು ತನ್ನ ಕಾರಣಕ್ಕಿಂತ ಮೇಲಿನ ಸಾಲಿನಲ್ಲಿ ಕಾಣಿಸಬಹುದು. ಹಲವು ಕೆಲಸಗಳು ಏಕಕಾಲದಲ್ಲಿ ನಡೆದಾಗ ಅವುಗಳ ಸಾಲುಗಳು ಹೆಣೆದುಕೊಳ್ಳುವುದೂ ಉಂಟು. 2013ರಲ್ಲಿ ಬಂದ ಗ್ನೂ ಮೇಕ್ 4.0, ಒಂದೊಂದು ಕೆಲಸದ ವರದಿಯನ್ನು ಒಟ್ಟಾಗಿ ಕೊಡುವ ಸೌಕರ್ಯವನ್ನು ಒದಗಿಸಿತು. ದೂರದ ಯಂತ್ರದೊಡನೆ ಸಂಪರ್ಕ ಕಡಿದರೆ ಬಿಲ್ಡೇ ನಿಲ್ಲಬಹುದಾದುದರಿಂದ ‘ನೋಹಪ್’ ಆದೇಶದ ಆಶ್ರಯವೂ ಬೇಕಾಗುತ್ತದೆ.

ಎರಡು ದಾರಿಗಳ ವಾರ್ತೆ, ನಡೆದ ಕ್ರಮ, ಕೊನೆಯ ತೀರ್ಪು, ಈ ಮೂರೂ ಉಳಿದಾಗಲೇ ಕಿರ್ದಿ ಪೂರ್ಣ. ಅವುಗಳಲ್ಲಿ ತೀರ್ಪು ಲೋಪವಾದರೆ ಉಳಿದೆರಡರಿಂದ ಆಗುವ ಪ್ರಯೋಜನ ಅಲ್ಪ.