ಗೋಮಾಳದ ಹೂವೂ ಸೂರ್ಯಕಾಂತಿಯ ಕಾಳೂ

ಮುಂಗಾರಿನ ನಡುವೆ ಗುಂಡ್ಲುಪೇಟೆಯ ಹೆದ್ದಾರಿಯ ಇಕ್ಕೆಲಗಳಲ್ಲಿ ಅರಳಿ ನಿಲ್ಲುವ ಸೂರ್ಯಕಾಂತಿಯ ಹೊಲಗಳನ್ನು ನೋಡಲೆಂದು ಕೇರಳದಿಂದ ಬಂದಿಳಿಯುವ ಜನರಿಗೆ, ಆ ಹೊಲಗಳ ಬೆನ್ನಿಗಿರುವ ಗೋಮಾಳವು ಕಣ್ಣಿಗೆ ಬೀಳುವುದು ಅಪರೂಪ. ಬಿದ್ದರೂ ಯಾರಿಗೂ ಬೇಡದ ಬೀಳು ಎಂದೇ ತೋರುವುದು. ಆದರೆ ಆ ಹೂತಟ್ಟೆ ಕಾಳುಗಟ್ಟಬೇಕಾದರೆ ಬೀಳಿನ ಋಣ ಬೇಕು. ಸೂರ್ಯಕಾಂತಿಯ ತಟ್ಟೆಯೆಂಬುದು ಒಂದು ಹೂವಲ್ಲ, ನೂರಾರು ಕಿರುಹೂಗಳ ಸಮೂಹ. ಅವು ಅಂಚಿನಿಂದ ನಡುವಿನೆಡೆಗೆ ಸುತ್ತುಸುತ್ತಾಗಿ ಅರಳುತ್ತವೆ, ಮೊದಲು ಪರಾಗವನ್ನು ಹೊರಸೂಸಿ ಆಮೇಲೆ ಅದನ್ನು ಸ್ವೀಕರಿಸಲು ಅಣಿಯಾಗುತ್ತವೆ. ಹೆಜ್ಜೇನು, ತುಡುವೆಜೇನುಗಳು ಸುಳಿಯದ ಹೊಲದಲ್ಲಿ ತಟ್ಟೆಯ ತುಂಬ ಜಳ್ಳು ಹೆಚ್ಚುವುದು ಇದರಿಂದಲೇ. ಹೊಲದ ಹೂವಿನ ಔತಣವಾದರೋ ಕೆಲವೇ ದಿನಗಳದು. ಉಳಿದ ಕಾಲದಲ್ಲಿ ಈ ಕೀಟಗಳ ಊಟ ಕಾಡಿನಲ್ಲಿ, ಬೇಲಿಸಾಲಿನಲ್ಲಿ, ಗೋಮಾಳದಲ್ಲಿ.

ಹಾಗೆಂದು ದನಗಳನ್ನು ಗೋಮಾಳದಿಂದ ಹೊರಗಟ್ಟಿದರೆ ಜೇನಿಗೆ ಒಳಿತಾಗುವುದೆಂದು ಭಾವಿಸತಕ್ಕದ್ದಲ್ಲ. ಮೇಯುವ ಬಾಯಿಲ್ಲದ ಹುಲ್ಲು ಆಳೆತ್ತರ ಬೆಳೆದು, ಬುಡದ ಸಣ್ಣ ಸಸ್ಯಗಳಿಗೆ ಬಿಸಿಲು ಸಿಗದಂತೆ ಮಾಡುತ್ತದೆ. ಬರಬರುತ್ತ ಲಂಟಾನ ಆವರಿಸುತ್ತದೆ. ಗೂಡನ್ನು ನೆಲದೊಳಗೆ ಕೊರೆಯುವ ಒಂಟಿಜೇನುಗಳಿಗಂತೂ (ಜೇನುಜಾತಿಗಳಲ್ಲಿ ಬಹುಪಾಲು ಇಂಥವೇ) ಗೊರಸು ತಾಗಿ ಅಲ್ಲಲ್ಲಿ ತೆರೆದ ಕೆಂಪುನೆಲ ಬೇಕು. ಅದೇ ಗೊರಸು ಎಡೆಬಿಡದೆ ತುಳಿದರೆ ಗೂಡಿನ ಬಾಯಿ ಮುಚ್ಚುವುದು.

ಮೇವು ಮಿತಿಮೀರಿದಲ್ಲಿ ಹೂವೆಲ್ಲ ಅಳಿಯುತ್ತದೆಂಬುದೂ ನಿಜವಲ್ಲ, ದನಕ್ಕೆ ಬೇಡವಾದ ಹೂ ಉಳಿಯುತ್ತದೆ. ಹುಲ್ಲಿನ ನಡುವೆ ಹಬ್ಬುವ ಕಾಡುಹೆಸರಿನಂಥ ಬಳ್ಳಿಗಳು ಬೀಜ ಕಟ್ಟುವ ಮುನ್ನವೇ ಹೊಟ್ಟೆ ಸೇರುತ್ತವೆ. ತಂಗಡಿ, ಎಕ್ಕ, ಕಾಂಗ್ರೆಸ್ ಗಿಡಗಳು ಮಾತ್ರ ನಿಲ್ಲುತ್ತವೆ. ಇವುಗಳಲ್ಲಿ ತಂಗಡಿಯನ್ನು ಹತ್ತಿರದಿಂದ ನೋಡಬೇಕು. ಆ ಹಳದಿ ಹೂವಿನಲ್ಲಿ ಮಕರಂದವಿಲ್ಲ. ಪರಾಗವೂ ಕೇಸರದ ತುದಿಯ ಸಣ್ಣ ರಂಧ್ರದೊಳಗೆ ಅಡಗಿದೆ. ಮರ ಕೊರೆಯುವ ಕರಿದುಂಬಿಯು ಕೇಸರವನ್ನು ಅಪ್ಪಿ ಹಿಡಿದು, ಹಾರುವ ಸ್ನಾಯುಗಳನ್ನೇ ಅದುರಿಸಿ ಝೇಂಕರಿಸಿದಾಗ ಪರಾಗವು ಪುಡಿಯಾಗಿ ಸಿಡಿಯುತ್ತದೆ. ಈ ವಿದ್ಯೆಯರಿಯದ ತುಡುವೆಜೇನಿಗೆ ತಂಗಡಿಯ ಬಯಲು ಹೂವಿದ್ದೂ ಬರಡೇ.

ದನಗಳ ಸಂಖ್ಯೆಗೆ ಸರ್ಕಾರ ಒಂದು ಲೆಕ್ಕವನ್ನು ಇಟ್ಟಿದೆ: 1966ರ ಭೂಕಂದಾಯ ನಿಯಮಗಳ ಪ್ರಕಾರ ನೂರು ರಾಸುಗಳಿಗೆ 12 ಹೆಕ್ಟೇರು ಗೋಮಾಳ. ಕಾಗದದ ಮೇಲಿನ ಈ ಲೆಕ್ಕವನ್ನು ಕೆಡಿಸಿದ್ದು ಬರಿಯ ಒತ್ತುವರಿಯಲ್ಲ, ಸಗಣಿಯ ವ್ಯಾಪಾರವೂ ಹೌದು. ಬಂಡೀಪುರದ ಅಂಚಿನ ಹಳ್ಳಿಗಳ ಸಗಣಿಗೊಬ್ಬರ ಲಾರಿಗಳಲ್ಲಿ ಕಾಫಿತೋಟಗಳಿಗೆ ಹೋಗುವುದನ್ನೂ, ಕಾಫಿಯ ಪೇಟೆಧಾರಣೆಗೂ ಇಲ್ಲಿನ ಕಾಡಿನಲ್ಲಿ ಮೇಯುವ ದನಗಳಿಗೂ ನಂಟಿರುವುದನ್ನೂ ವಿಜ್ಞಾನಿ ಎಂ. ಡಿ. ಮಧುಸೂದನ್ ಅವರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿಕೊಟ್ಟಿದ್ದಾರೆ. ಉಳುವುದಕ್ಕೂ ಹಾಲಿಗೂ ಒದಗದ ದನವೂ ಸಗಣಿಯಿಂದಲೇ ಸಂಸಾರ ತೂಗಿಸುತ್ತಿರುವಾಗ, ಅದನ್ನು ಮಾರಿಬಿಡೆಂದು ಬಡ ರೈತನಿಗೆ ಉಪದೇಶಿಸುವುದು ಅನ್ಯಾಯವೆಂದೇ ನನ್ನ ಎಣಿಕೆ.

ಮಾಡಬಹುದಾದದ್ದು ಬೇರೆಯಿದೆ. ಗೋಮಾಳವನ್ನು ಪಾಲು ಮಾಡಿ, ಮೊದಲ ಮಳೆ ಬಿದ್ದಂದಿನಿಂದ ಹೂ ಬೀಜವಾಗುವವರೆಗೆ ಒಂದು ಪಾಲನ್ನು ಬಿಡುವಾಗಿ ಇರಿಸಿ, ಮರುವರ್ಷ ಆ ಸರದಿಯನ್ನು ಬೇರೊಂದು ಪಾಲಿಗೆ ಕೊಡುವುದು; ಬೀಜ ಉದುರಿದ ಮೇಲೆ ಮಂದೆಯನ್ನು ಧಾರಾಳವಾಗಿ ನುಗ್ಗಿಸಿ ಒಣಹುಲ್ಲನ್ನು ಮೇಯಿಸಿಬಿಡುವುದು. ಇದಕ್ಕೆ ತಂತಿಬೇಲಿ ಬೇಕಿಲ್ಲ, ದನಗಾಹಿಗಳ ಒಪ್ಪಿಗೆ ಸಾಕು. ಬಿಡುವಿನ ತಿಂಗಳುಗಳ ಮೇವಿನ ಕೊರತೆಯನ್ನು ಮಾತ್ರ ಯಾರಾದರೂ ತುಂಬಿಕೊಡಬೇಕು. ಪರಾಗಸ್ಪರ್ಶದ ಲಾಭವನ್ನು ಉಣ್ಣುವ ಸೂರ್ಯಕಾಂತಿಯ ಹೊಲದವನು ತನ್ನ ಜೋಳದ ಕಡ್ಡಿಯಲ್ಲಿ ಒಂದಷ್ಟನ್ನು ಆ ದನಗಾಹಿಯ ಕೊಟ್ಟಿಗೆಗೆ ಕಳುಹಿಸಿದರೆ, ಆ ಒಪ್ಪಿಗೆ ಸುಲಭವಾಗಿ ದೊರೆತೀತು.